ಹಿಮ ತಳ್ಳುವ ಟ್ರಕ್ಕೂ ನನ್ನ ಫುಲ್ ಟ್ಯಾಂಕೂ

ಎಪ್ಪತ್ತನಾಲ್ಕು ವರ್ಷದ ಹಿರಿಯರೊಬ್ಬರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಟ್ರಕ್ಕಿನ ಅಡಿಗೆ ತೂರಿಕೊಂಡರೆ ನೀವೇನು ಮಾಡುತ್ತೀರಿ? ನಾನು ಗಾಬರಿಯಾಗಿ ಅವರ ಬೂಟು ಹಿಡಿದುಕೊಂಡೆ.

"ಕಾಲು ಬಿಡಿ, ಟಾರ್ಚ್ ಕೊಡಿ" ಎಂದರು ಒಳಗಿನಿಂದ.

ಅವರು ಕಿಮುರಾ ಸಾನ್. ('ಸಾನ್' ಎಂದರೆ ನಮ್ಮಲ್ಲಿ ಹೆಸರಿನ ಜೊತೆ 'ಅವರು' ಅಂದ ಹಾಗೆ.) ನಮ್ಮ ಪಕ್ಕದ ಮನೆಯವರು. ಜಪಾನಿನ ನಗೋಯಾದ ಕಂಪನಿ ನನ್ನನ್ನು ನಗಾನೋ ಬೆಟ್ಟದ ಮೇಲಿನ ಫ್ಯಾಕ್ಟರಿಗೆ ಎತ್ತಿ ಹಾಕಿ ಮೂರು ವರ್ಷವಾಯಿತು. ಇಲ್ಲಿ ದೊಡ್ಡ ರಸ್ತೆಯ ಹಿಮವನ್ನು ಪುರಸಭೆಯವರು ತೆಗೆಯುತ್ತಾರೆ. ನಮ್ಮದು ಕಿರಿದಾದ ಗಲ್ಲಿ, ಅದರ ಪಾಡು ನಮ್ಮದೇ. ಗಲ್ಲಿಯ ತುದಿಯಲ್ಲಿ ಹಯಾಶಿ ಸಾನ್ ಎಂಬ ಅಜ್ಜಿ ಒಬ್ಬರೇ ಇದ್ದಾರೆ. ಅವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ವ್ಯಾನ್ ಅವರ ಬಾಗಿಲಿಗೆ ಬರಲೇಬೇಕು. ಒಂದು ದಿನ ತಪ್ಪಿದರೂ ಕಷ್ಟ.

ಇಷ್ಟು ವರ್ಷ ಆ ದಾರಿ ಮಾಡಿಕೊಡುತ್ತಿದ್ದವರು ಕಿಮುರಾ ಸಾನ್. ಈ ಸಲ ಅವರ ಮಂಡಿಯೂ ಹಳೇ ಟ್ರಕ್ಕೂ ಒಟ್ಟಿಗೇ ಕೈಕೊಟ್ಟವು. ಗಲ್ಲಿಯ ಮೀಟಿಂಗಿನಲ್ಲಿ "ಇನ್ನು ಮುಂದೆ ಯಾರು?" ಎಂದಾಗ ಎಲ್ಲರೂ ಟೀ ಕಪ್ಪು ನೋಡತೊಡಗಿದರು. ನಾನು ಕೈ ಎತ್ತಿಬಿಟ್ಟೆ.

"ರೀ, ನಿಮ್ಗೆ ಗೊತ್ತಿರೋ ಹಿಮ ಅಂದ್ರೆ ಫ್ರೀಜರಲ್ಲಿ ಕಟ್ಟೋದು. ಸುಮ್ನೆ ಇರಕ್ಕಾಗಲ್ವಾ?" ಎಂದಳು ಹೆಂಡತಿ ರಶ್ಮಿ. (ಬಸವನಗುಡಿಯವಳು. ಸ್ವೆಟರ್ ಇಲ್ಲದೆ ಜನವರಿ ದಾಟಿದವಳಲ್ಲ.)

ಹಿಮ ತಳ್ಳುವ ಕಬ್ಬಿಣದ ಹಲಗೆಯನ್ನು ಕಿಮುರಾ ಸಾನ್ ಕೊಟ್ಟರು. ಅದನ್ನು ಮೂತಿಗೆ ಕಟ್ಟಿಕೊಳ್ಳಲು ಗಟ್ಟಿಯಾದೊಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಬೇಕಿತ್ತು. ನಾನೂ ಕಿಮುರಾ ಸಾನೂ ನಗೋಯಾಕ್ಕೆ ಹೋದೆವು. ಅಲ್ಲೊಂದು ಅಂಗಡಿಯಲ್ಲಿ ಎರಡು ಪಿಕಪ್‌ಗಳಿದ್ದವು. ಒಂದು ಫಳಫಳ ಹೊಳೆಯುವ ಬಿಳಿಯದು, ಓಡಿದ್ದೂ ಕಡಿಮೆ. ಇನ್ನೊಂದು ನೀಲಿಯದು, ಬಾಗಿಲು ನೆಗ್ಗಿ, ಸೀಟು ಹರಿದು, ನೋಡಿದರೆ ಅಯ್ಯೋ ಪಾಪ ಅನ್ನಿಸುವಂಥದ್ದು. ನಾನು ಯಾವುದರ ಮುಂದೆ ಸೆಲ್ಫಿ ತೆಗೆದುಕೊಂಡೆ ಎಂದು ಬೇರೆ ಹೇಳಬೇಕೇ?

ಮೊದಲೇ ಹೇಳಿದೆನಲ್ಲ, ಹಾಗೆ ಕಿಮುರಾ ಸಾನ್ ಬಿಳಿ ಪಿಕಪ್ಪಿನ ಅಡಿಗೆ ತೂರಿಕೊಂಡು ಸ್ಪ್ಯಾನರ್‌ನಿಂದ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಬಡಿದರು. 'ಡಬ್' ಎಂದಿತು. ಹೊರಬಂದು ಹಲ್ಲಿನ ಸಂದಿಯಿಂದ 'ಸ್ಸ್ಸ್' ಎಂದು ಉಸಿರೆಳೆದುಕೊಂಡರು. ಇಲ್ಲಿ 'ಬೇಡ' ಎಂದು ಮುಖಕ್ಕೆ ಹೊಡೆದಂತೆ ಯಾರೂ ಹೇಳುವುದಿಲ್ಲ, ಹೀಗೆ ಉಸಿರೆಳೆಯುತ್ತಾರೆ. ಬಗ್ಗಿ ನೋಡಿದೆ. ಹಿಮದೂರಿನಲ್ಲಿ ಓಡಿದ ಗಾಡಿ. ರಸ್ತೆಗೆ ಸುರಿಯುವ ಉಪ್ಪು ಅಡಿಯನ್ನೆಲ್ಲ ತಿಂದುಹಾಕಿತ್ತು. ನೀಲಿಯದು ಉಪ್ಪು ಕಂಡೇ ಇರಲಿಲ್ಲ, ಬಡಿದರೆ 'ಟಣ್' ಎಂದಿತು. ಅದನ್ನೇ ಕೊಂಡೆ.

ಕಿಮುರಾ ಸಾನ್ ಎರಡು ದಿನ ನಗೋಯಾದ ಮಗಳ ಮನೆಯಲ್ಲಿ ಉಳಿದರು. ನಾನು ಹೊರಡುವಾಗ ಹೇಳಿದ್ದು ಒಂದೇ ಮಾತು: "ಡೀಸೆಲ್ಲನ್ನು ಬೆಟ್ಟದ ಮೇಲೆ ಹೋಗಿ ತುಂಬಿಸಿ."

ನಾನು ಕೇಳಿದೆನೇ? ನಮ್ಮೂರಿನ ಬಂಕಿಗೆ ವ್ಯಾಪಾರವಾಗಲಿ ಎಂದು ಹೇಳುತ್ತಿದ್ದಾರೆ ಅಂದುಕೊಂಡೆ. ನಮ್ಮವರು ದೂರ ಹೊರಟರೆ ಹೇಗೆ? ಚಕ್ರಕ್ಕೆ ನಿಂಬೆಹಣ್ಣು, ಟ್ಯಾಂಕಿಗೆ ಫುಲ್. ಎರಡನ್ನೂ ನಗೋಯಾದಲ್ಲೇ ಮಾಡಿದೆ.

ಮೂರನೇ ದಿನ ರಾತ್ರಿಯೆಲ್ಲ ಹಿಮ ಬಿತ್ತು. ಬೆಳಿಗ್ಗೆ ಐದಕ್ಕೆ ಕೀ ತಿರುಗಿಸಿದೆ. ಕುಂಯ್, ಕುಂಯ್. ಸ್ಟಾರ್ಟೇ ಇಲ್ಲ. ಬಯಲುಸೀಮೆಯ ಡೀಸೆಲ್ ಬೆಟ್ಟದ ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಹಿಮದೂರಿನ ಬಂಕಿನಲ್ಲಿ ಸಿಗುವ ಡೀಸೆಲ್ಲೇ ಬೇರೆ, ಅದು ಗಟ್ಟಿಯಾಗುವುದಿಲ್ಲ. ಓದಿದ್ದು ಆಟೊಮೊಬೈಲ್ ಇಂಜಿನಿಯರಿಂಗ್. ಥೂ ನನ್ನ!

ಮೊಣಕಾಲುದ್ದ ಹಿಮ. ಎಂಟಕ್ಕೆ ವ್ಯಾನ್. ಸಲಿಕೆ ಹಿಡಿದು ಹುಚ್ಚನಂತೆ ಎತ್ತಿ ಹಾಕತೊಡಗಿದೆ. ಹತ್ತು ನಿಮಿಷಕ್ಕೇ ಕೈ ಸೋತು ಅಳು ಬಂತು. ಸುಳ್ಳೇಕೆ ಹೇಳಲಿ, ಅತ್ತೇಬಿಟ್ಟೆ.

ಆಗ ಒಂದೊಂದೇ ಬಾಗಿಲು ತೆರೆಯಿತು. ಗಲ್ಲಿಯ ಏಳೂ ಮನೆಯವರು ಸಲಿಕೆ ಹಿಡಿದು ಬಂದರು. ರಶ್ಮಿ ಬಚ್ಚಲಿನ ಬಕೆಟ್ ತಂದಳು. ಮಂಡಿಗೆ ಪಟ್ಟಿ ಸುತ್ತಿಕೊಂಡು ಕಿಮುರಾ ಸಾನ್ ಎಲ್ಲರಿಗಿಂತ ಮುಂದೆ.

"ಗಾಡಿ ನಿಂತಿದ್ದು ನಿಮ್ಗೆ ಹೇಗೆ ಗೊತ್ತಾಯ್ತು?" ಎಂದೆ.

"ಗೊತ್ತಿರ್ಲಿಲ್ಲ. ಹಿಮ ತೆಗೆಯೋ ಕೆಲ್ಸಕ್ಕೆ ಹೊಸಬರು ಬಂದ್ರೆ, ಅವರ ಮೊದಲನೇ ದಿನ ಎಲ್ರೂ ಬರ್ತೀವಿ. ನನ್ನ ಮೊದಲನೇ ದಿನಾನೂ ಬಂದಿದ್ರು" ಎಂದರು. ಡೀಸೆಲ್ಲಿನ ಮಾತೇ ಎತ್ತಲಿಲ್ಲ. 'ನಾನು ಆಗ್ಲೇ ಹೇಳ್ಲಿಲ್ವಾ' ಎನ್ನುವ ಸುಖವನ್ನು ಬಿಟ್ಟುಕೊಡುವ ಮನುಷ್ಯರನ್ನು ನಾನು ಅದೇ ಮೊದಲು ನೋಡಿದ್ದು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಹಿಮ ಅಡ್ಡ ಬಂತು.

ಎಂಟಕ್ಕೆ ಐದು ನಿಮಿಷ ಇರುವಾಗ ವ್ಯಾನ್ ಅಜ್ಜಿಯ ಬಾಗಿಲು ಮುಟ್ಟಿತು. ಹಯಾಶಿ ಸಾನ್ ಹತ್ತುವ ಮುನ್ನ ನನ್ನ ಕಡೆ ತಿರುಗಿ ಸೊಂಟ ಬಗ್ಗಿಸಿದರು. "ಸುಮಿಮಾಸೆನ್, ಕ್ಷಮಿಸಿ. ನನ್ನಿಂದ ನಿಮಗೆ ತೊಂದರೆಯಾಯ್ತು" ಎಂದರು.

ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವರು ಅವರು. ಇಂಥವರಿಗೆ ಥ್ಯಾಂಕ್ಸ್ ಹೇಳುವುದಾದರೂ ಹೇಗೆ, ನೀವೇ ಹೇಳಿ?