ಅವ್ವ ಕಟ್ಟಿದ ಉಪ್ಪಿನ ಗಂಟು

ಬೆಳಿಗ್ಗೆ ಶರ್ಟಿನ ಗುಂಡಿ ಹಾಕುವಾಗ ಬಲಗೈಯ ಕಿರುಬೆರಳು ಪಕ್ಕದ ಬೆರಳಿಗೆ ಸೇರಲಿಲ್ಲ. ಮಧ್ಯಾಹ್ನದೊಳಗೆ ಕೆನ್ನೆಯ ಮಚ್ಚೆ ಕೆಂಪಾಗಿ ಊದಿತು. ಮೊಣಕೈಯೊಳಗೆ ಕಾದ ತಂತಿ ತೂರಿಸಿ ಎಳೆದಂತೆ ನೋವು. ಕಚ್ಚಿ ಹಿಡಿದ ಟವೆಲ್ ಹರಿಯಿತು.

ನಾನು ಅರಕಲಗೂಡಿನಲ್ಲಿ ಪತ್ರಿಕೆಯೊಂದರ ವರದಿಗಾರ. ಕುಷ್ಠಕ್ಕೆ ಎಂಡಿಟಿ ಮಾತ್ರೆ ಶುರುವಾಗಿ ಮೂರು ತಿಂಗಳಾಗಿತ್ತು. ‘ಕುಷ್ಠ ಗುಣವಾಗುತ್ತದೆ, ಮುಚ್ಚಿಡಬೇಡಿ’ ಎಂದು ವರ್ಷವರ್ಷವೂ ಸುದ್ದಿ ಬರೆದವನು, ಮಾತ್ರೆಗಳನ್ನು ಹಳೇ ಪತ್ರಿಕೆಗಳ ಕಟ್ಟಿನ ಹಿಂದೆ ಮುಚ್ಚಿಟ್ಟಿದ್ದೆ. ಮಚ್ಚೆ ಹೊಗೆಸೊಪ್ಪಿನ ಅಲರ್ಜಿ ಎಂದು ಅವ್ವನಿಗೆ ಹೇಳಿದ್ದೆ. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಅವ್ವ ತನಗೆ ಗೊತ್ತಿದ್ದ ಮದ್ದು ಮಾಡಿದಳು. ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ನನ್ನ ಕೈಗೆ ಒತ್ತಿದಳು.

“ಸುಟ್ರೆ ಏಳ್ಲಾ.”

“ಸುಡ್ತಿಲ್ಲ ಕಣವ್ವ.”

“ಗಟ್ಟಿ ಕಣ್ಲಾ ನೀನು! ನಿಮ್ಮಪ್ಪ ಆಗಿದ್ರೆ ಈಟೊತ್ಗೆ ಬೀದಿಗೆ ಓಡೋಗಿರೋನು.”

ಆ ನೋವಿನಲ್ಲೂ ನಕ್ಕೆ. ಅವ್ವ ಗಂಟು ಎತ್ತಿದಳು. ಕಿರುಬೆರಳಿನ ಚರ್ಮ ಬಟ್ಟೆಯ ಜೊತೆ ಕಿತ್ತು ಬಂತು.

ಕಿರುಚಿದವಳು ಅವ್ವ. ನನಗೆ ಗೊತ್ತೇ ಆಗಲಿಲ್ಲ.

ಹಾಸನದಲ್ಲಿ ಡಾಕ್ಟರ್ ಮೊಣಕೈಯ ನರ ಮುಟ್ಟಿದರು. ಹಗ್ಗದಂತೆ ಊದಿತ್ತು. ಚೀರಿ ಅವರ ಕೈಯನ್ನು ತಳ್ಳಿಬಿಟ್ಟೆ.

“ಮಾತ್ರೆ ಒಗ್ಗಲಿಲ್ವಾ ಸಾರ್?”

“ಅಲ್ಲ. ಇದು ರಿಯಾಕ್ಷನ್. ಕುಷ್ಠದ ರೋಗಾಣು ಮೇಲೆ ನಿಮ್ಮ ದೇಹವೇ ತಿರುಗಿ ಬಿದ್ದಿದೆ. ಏಟು ನರಕ್ಕೆ ಬೀಳ್ತಿದೆ. ಎಂಡಿಟಿ ನಿಲ್ಲಿಸಬೇಡಿ, ಜೊತೆಗೆ ಸ್ಟೀರಾಯ್ಡ್ ಕೊಡ್ತೀನಿ. ಕೈ ಎಷ್ಟು ಉಳಿಯುತ್ತೋ ಈಗ್ಲೇ ಹೇಳೋಕಾಗಲ್ಲ.”

ಬಾಗಿಲ ಬಳಿ ನಿಂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸು ಹತ್ತಿದ ಮೇಲೆ ಕೇಳಿದಳು.

“ಕಾಯ್ಲೆ ಎಸ್ರು ಏಳಿದ್ರೆ ನಾನು ಉಪ್ಪು ಉರೀತಿದ್ನೇನ್ಲಾ?”



ಸ್ಟೀರಾಯ್ಡ್ ಪ್ರಮಾಣ ಆರು ತಿಂಗಳಲ್ಲಿ ಹಂತಹಂತವಾಗಿ ಇಳಿಯಿತು. ಮುಖ ಊದಿತು, ನಿದ್ದೆ ಕೆಟ್ಟಿತು, ಸಿಡುಕಿಗೆ ಮನೆಯವರೆಲ್ಲ ಬೇಸತ್ತರು. ಆದರೆ ನೋವು ಬಿಟ್ಟಿತು. ಈಗ ಗುಂಡಿ ಹಾಕಬಲ್ಲೆ, ನಿಧಾನವಾಗಿ. ಕಿರುಬೆರಳು ಮಾತ್ರ ಬಾಗಿಯೇ ಇದೆ. ಅದಕ್ಕೆ ಬಿಸಿಯೂ ತಿಳಿಯದು, ತಂಪೂ ತಿಳಿಯದು.

ಎಂಡಿಟಿ ಮಾತ್ರೆ ಈಗ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ. ಕಾಫಿ ಲೋಟವನ್ನು ಅವ್ವ ಮೊದಲು ತಾನು ಹಿಡಿದು ನೋಡಿ ಆಮೇಲೆ ಕೊಡುತ್ತಾಳೆ.

“ಸುಡ್ತದೆ. ಎಡಗೈಲಿ ಇಡ್ಕೊ.”

ಹಿಡಿದುಕೊಳ್ಳುತ್ತೇನೆ. ಸುಡುತ್ತದೆ.