ತುಂಬಿಸಿ ಕಳಿಸಿದ ಬಟ್ಟಲುಗಳು

ನನ್ನಮ್ಮ ಹಾಸನವನ್ನು ಹುಳಿ ಮಾಡಿ ಗೆದ್ದಳು ಎಂಬ ಕಥೆಯೊಂದು ನಮ್ಮ ನೆಂಟರಿಷ್ಟರಲ್ಲಿ ಚಲಾವಣೆಯಲ್ಲಿದೆ. ಚನ್ನರಾಯಪಟ್ಟಣದ ಸೋದರತ್ತೆ ಇದರ ಮುಖ್ಯ ಪ್ರಚಾರಕಿ. ಯಾರ ಮನೆಯ ಮದುವೆಯಾದರೂ ಸರಿ, ಎಲೆಅಡಿಕೆ ತಟ್ಟೆ ಮುಂದೆ ಬಂದ ಕೂಡಲೇ ಶುರು ಮಾಡುತ್ತಾಳೆ: "ನಮ್ಮತ್ಗೆ ಅರಕಲಗೂಡಿಂದ ಆಸನಕ್ಕೆ ಬಂದಾಗ ಒಂದು ನರಪಿಳ್ಳೆ ಮಾತಾಡುಸ್ತಿರ್ನಿಲ್ಲ ಕಣ್ರೇ. ಒಂದಿನ ಅವರೆಕಾಳು ಹುಳಿ ಮಾಡಿ ಬೀದಿಗೆಲ್ಲ ಅಂಚುದ್ಲು ನೋಡಿ, ಅವತ್ತಿಂದ ಇಡೀ ಬೀದಿ ಅವಳ ಸೆರಗಿಡ್ಕಂಡು ಓಡಾಡ್ತು."

ಕೇಳಿದವರು ತಲೆದೂಗುತ್ತಾರೆ. ಅಮ್ಮ ಅಲ್ಲೇ ಕೂತಿದ್ದರೂ ಇಲ್ಲ ಎನ್ನುವುದಿಲ್ಲ. ಆದರೆ ನನಗೆ ತಕರಾರಿದೆ. ಮೈಸೂರಿನಲ್ಲಿ ಬಿ.ಎ. ಓದುವಾಗ ಚರ್ಚಾಕೂಟದಲ್ಲಿ ನನಗೆ ಕಲಿಸಿದ ಮೊದಲ ಪಾಠವೆಂದರೆ, ಎದುರಾಳಿ ಹೇಳುವ ಘಟನೆಯನ್ನು ಬೇಕಾದರೆ ಒಪ್ಪಿಕೋ, ಆದರೆ ಕಾರಣವನ್ನು ಒಪ್ಪಿಕೊಳ್ಳುವ ಮುಂಚೆ ಎರಡು ಸಲ ಕೇಳು. ಅಮ್ಮ ಹುಳಿ ಹಂಚಿದ್ದು ನಿಜ. ಹುಳಿಯಿಂದ ಬೀದಿ ಒಲಿಯಿತು ಎನ್ನುವುದು ಸುಳ್ಳು. ಅಲ್ಲದೆ ಅಮ್ಮನ ಹುಳಿಗೆ ಉಪ್ಪು ಸದಾ ಒಂದು ಹರಳು ಮುಂದು. ಇದನ್ನು ಅತ್ತೆಯೂ ಬಲ್ಲಳು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮುಂಗಾರಿನಲ್ಲಿ ನಾವು ಹಾಸನಕ್ಕೆ ಬಂದೆವು. ಅರಕಲಗೂಡಿನಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿದ್ದ ದಿನಸಿ ಅಂಗಡಿ ಎರಡು ಸಂಸಾರಕ್ಕೆ ಸಾಲದಾಗಿತ್ತು. ಅಪ್ಪನಿಗೆ ಹಾಸನದ ಮಂಡಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನನಗಂತೂ ಅದು ವರವೇ. ನಮ್ಮೂರಿನಲ್ಲಿ ಆಗ ಮಿಡ್ಲ್‌ಸ್ಕೂಲಿಗೆ ಓದು ಮುಗಿದುಹೋಗುತ್ತಿತ್ತು. ಇಲ್ಲಿ ಹೈಸ್ಕೂಲಿತ್ತು, ಹುಡುಗರೇ ತುಂಬಿದ ತರಗತಿಯಲ್ಲಿ ಮುಂದಿನ ಒಂದು ಬೆಂಚು ಹುಡುಗಿಯರಿಗೆಂದು ಬಿಟ್ಟಿದ್ದರು. ಆ ಬೆಂಚಿನ ತುದಿಯಲ್ಲಿ ನನಗೂ ಒಂದಿಷ್ಟು ಜಾಗ ಸಿಕ್ಕಿತು. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಒಂದು ದಿನವೂ ಇರಲಿಲ್ಲ.

ನಮ್ಮ ಬೀದಿಯಲ್ಲಿ ಹೆಚ್ಚಿನವು ನಮ್ಮ ಹಾಗೆಯೇ ವಿಭೂತಿ ಹಚ್ಚುವ, ವ್ಯಾಪಾರ ಮಾಡುವ ಮನೆಗಳು. ಕೊಟ್ಟು ತರುವುದಕ್ಕೆ, ಕೂತು ಉಣ್ಣುವುದಕ್ಕೆ ಅಡ್ಡಿಯೇನಿರಲಿಲ್ಲ. ಹೆಂಗಸರನ್ನು ಅಲ್ಲಿ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಬಿಟ್ಟು ಬಂದ ಊರು ಹಿಡಿದು ಕರೆಯುತ್ತಿದ್ದರು. ಪಕ್ಕದ ಮನೆಯವಳು ಹೊಳೆನರಸೀಪುರದಕ್ಕ. ನನ್ನಮ್ಮ ಅರಕಲಗೂಡಮ್ಮ. ಹೊಳೆನರಸೀಪುರದಕ್ಕ ಆ ಬೀದಿಗೆ ಬಂದು ಮೂರು ಮಕ್ಕಳನ್ನು ಹೆತ್ತು ಬೆಳೆಸಿದ್ದರೂ ಹೊಳೆನರಸೀಪುರದಕ್ಕನಾಗಿಯೇ ಉಳಿದಿದ್ದಳು. ಆದ್ದರಿಂದ ಊರಿನ ಹೆಸರು ಅಂಟಿದ್ದು ಅವಮಾನವೆಂದು ನಾನು ವಾದಿಸುವುದಿಲ್ಲ.

ನಾವು ಬಂದ ವಾರವೇ ಆಕೆ ಒಂದು ಹಿತ್ತಾಳೆ ಬಟ್ಟಲಿನಲ್ಲಿ ಹುರುಳಿಕಾಳಿನ ಬಸ್ಸಾರು ಕಳಿಸಿದಳು. ಎದುರು ಮನೆಯಿಂದ ಉಪ್ಪಿನಕಾಯಿ ಬಂತು, ಮೂಲೆಮನೆಯಿಂದ ಹಸುವಿನ ಗಿಣ್ಣು. ಯಾರೂ ಮಾತಾಡಿಸುತ್ತಿರಲಿಲ್ಲ ಎನ್ನುವ ಅತ್ತೆಯ ಮಾತು ಇಲ್ಲೇ ಬಿದ್ದುಹೋಗುತ್ತದೆ. ಮಾತಾಡಿಸಿದರು, ಚೆನ್ನಾಗಿಯೇ ಮಾತಾಡಿಸಿದರು. ತಪ್ಪು ನಡೆದದ್ದು ಆಮೇಲೆ.

ಅರಕಲಗೂಡಿನ ನಮ್ಮ ಮನೆಯಲ್ಲಿ ಅಜ್ಜಿಯದೊಂದು ಕಟ್ಟಳೆಯಿತ್ತು. ಬೇರೆಯವರ ಪಾತ್ರೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿರಕೂಡದು, ಬರಿದಾಗಿಯೂ ಹೋಗಕೂಡದು. ಸೊಸೆಯಾಗಿ ಬಂದ ಅಮ್ಮ ಇದನ್ನು ಉಸಿರಾಟದ ಹಾಗೆ ಕಲಿತಿದ್ದಳು. ಬಸ್ಸಾರು ಬಂತೆಂದರೆ ಅದನ್ನು ನಮ್ಮ ಪಾತ್ರೆಗೆ ಬಗ್ಗಿಸಿ, ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಮಾಡಿ, ಅದರಲ್ಲಿ ಏನಾದರೂ ತುಂಬಿಸಿ, "ಓಡು, ಕೊಟ್ಬುಟ್ಟು ಬಾ" ಎಂದು ನನ್ನನ್ನು ಅಟ್ಟುತ್ತಿದ್ದಳು. ಆ ಮನೆಯವರು ಇನ್ನೂ ಊಟಕ್ಕೇ ಕೂತಿರುತ್ತಿರಲಿಲ್ಲ, ನಾನು ಬಾಗಿಲಲ್ಲಿ. ಹೊಳೆನರಸೀಪುರದಕ್ಕ ಬಟ್ಟಲು ತೆಗೆದುಕೊಂಡು, ಒಳಗೆ ನೋಡಿ, ನನ್ನ ಮುಖ ನೋಡಿ, "ಆಗ್ಲೇ?" ಎನ್ನುತ್ತಿದ್ದಳು.

ಗೌರಿಹಬ್ಬದವರೆಗೆ ಬಟ್ಟಲುಗಳು ಬಂದವು. ದೀಪಾವಳಿಯ ಹೊತ್ತಿಗೆ ನಿಂತವು.

ಅಮ್ಮನಿಗೆ ಕಾರಣ ಹೊಳೆಯಲಿಲ್ಲ. ಬೀದಿಯ ಬಾವಿಯ ಹತ್ತಿರ ಅವಳು ಕೊಡ ತೆಗೆದುಕೊಂಡು ಹೋದರೆ ಹೆಂಗಸರೆಲ್ಲ ಪಕ್ಕಕ್ಕೆ ಸರಿದು, "ನೀವು ಮೊದ್ಲು ಸೇದ್ಕಳಿ ಅಕ್ಕ" ಎನ್ನುತ್ತಿದ್ದರು. ಮೊದಮೊದಲು ಅದನ್ನು ಮರ್ಯಾದೆ ಎಂದುಕೊಂಡು ಬೀಗಿದಳು. ಅವರು ಅಲ್ಲಿ ನಿಲ್ಲುವುದು ನೀರಿಗಲ್ಲ, ಸರದಿ ಕಾಯುವ ಹೊತ್ತಿನ ಮಾತಿಗೆ ಎಂದು ಗೊತ್ತಾದದ್ದು ನಿಧಾನಕ್ಕೆ. ಮೊದಲು ನೀರು ಸೇದಿಕೊಂಡವಳು ಮೊದಲು ಮನೆಗೆ ಹೋಗಬೇಕಲ್ಲ. ಅವಳು ಬೆನ್ನು ತಿರುಗಿಸಿದ ಮೇಲೆ ಬಾವಿಕಟ್ಟೆಯಲ್ಲಿ ನಗು ಏಳುತ್ತಿತ್ತು. ಅವಳನ್ನೇ ನೋಡಿ ನಕ್ಕರೆನ್ನುವುದಕ್ಕೆ ಪುರಾವೆಯಿಲ್ಲ. ಆದರೆ ಒಬ್ಬಳೇ ಕೊಡ ಹೊತ್ತು ನಡೆಯುವವಳು ಪುರಾವೆ ಕೇಳುವುದಿಲ್ಲ.

ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಅಪ್ಪನಿಗೆ ಹೇಳಿಯೇಬಿಟ್ಟಳು. "ಸಂಕ್ರಾಂತಿ ಕಳುದ್ಮೇಲೆ ನಾನು ಊರ್ಗೆ ಓಯ್ತೀನಿ. ಅಲ್ಲಿ ವಾರಗಿತ್ತಿ ಕೂಡ ಜಗಳನಾರ ಆಡ್ಬೋದು. ಇಲ್ಲಿ ಅದ್ಕೂ ಯಾರಿಲ್ಲ."

"ನನ್ ಊಟ?" ಅಪ್ಪ ಕೇಳಿದರು.

"ಓಟ್ಲದೆ."

"ಇವ್ಳು?"

"ಓದಿದ್ದು ಸಾಕು. ನನ್ ಜೊತೆ ಬತ್ತಾಳೆ."

ಅಪ್ಪ "ನೋಡಾಣ" ಎಂದು ಮಂಡಿಗೆ ಹೊರಟರು. ಅಪ್ಪನ "ನೋಡಾಣ" ಎಂದರೆ ಸೋತೆ ಎಂದೇ. ನಾನು ಸೋಲಲಿಲ್ಲ, ಕಿರುಚಾಡಿದೆ. ಪರೀಕ್ಷೆ ಯುಗಾದಿಯ ಹೊತ್ತಿಗೆ, ಅಲ್ಲಿವರೆಗಾದರೂ ಇರು ಎಂದೆ. ಊರಿಗೆ ಹೋದರೂ ನಿನ್ನ ಜೊತೆ ಮಾತಾಡುವುದಿಲ್ಲ ಎಂದೆ. ಅಮ್ಮ ರೊಟ್ಟಿ ಮಗುಚಿ ಹಾಕಿದಳು. "ಮಾತಾಡ್ದೆ ಇರೋರ ಜೊತೆ ಬಾಳೋದು ನಂಗೀಗ ರೂಢಿ ಆಗದೆ ಕಣೆ" ಎಂದಳು.

ಸೀದಾ ಪಕ್ಕದ ಮನೆಗೆ ಹೋದೆ. ಹೊಳೆನರಸೀಪುರದಕ್ಕ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ಏನಮ್ಮಿ, ಇವತ್ತು ಬಟ್ಲಿಲ್ದೆ ಬಂದ್ಬುಟ್ಟೆ?"

"ನೀವು ಕಳ್ಸಿದ್ರೆ ತಾನೆ ನಾನು ತರೋದು? ಯಾಕೆ ಕಳುಸ್ತಿಲ್ಲ ಅಂತ ಕೇಳೋಕೇ ಬಂದೆ."

"ಅಬ್ಬಬ್ಬಾ, ಲಾಯರಮ್ಮ!" ಎಂದು ಮೊರ ತೊಡೆಯ ಮೇಲಿಟ್ಟುಕೊಂಡು ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: "ಕಳುಸ್ದೆ ಕಣಮ್ಮಿ, ಕಳುಸ್ದೆ. ಪ್ರತಿ ಸಲವೂ ಸಾರು ಆರೋಕ್ ಮುಂಚೆ ಬಟ್ಲು ವಾಪಸ್ ಬಂತು, ಕಂಠಮಟ್ಟ ತುಂಬ್ಕಂಡು. ಅಂಗೆ ಬಂದ್ರೆ ನಾವೇನಂದ್ಕಳದು? ನಿಮ್ಮ ಹಂಗು ನಂಗ್ ಬ್ಯಾಡ ಅಂತ ತಾನೆ?"

"ತುಂಬ್ಸಿ ಕೊಡೋದು ಮರ್ಯಾದೆ ಅಲ್ವಾ?"

"ಮರ್ಯಾದೆ ಸರಿ. ಬಟ್ಲು ನಾಕ್ ದಿನ ನಿಮ್ಮನೇಲಿ ಬಿದ್ದಿರ್ಲಿ. 'ಬಟ್ಲೆಲ್ಲಿ ಅಕ್ಕಾ' ಅಂತ ನಾನೊಂದ್ಸಲ ಒಳೀಕ್ ಬತ್ತೀನಿ, ಒಂದ್ ಗಳ್ಗೆ ಕೂತ್ಕತೀನಿ. ಬಟ್ಲೇ ಇಲ್ದಿದ್ರೆ ಯಾವ್ ನೆವ ಮಾಡ್ಕಂಡು ಬರ್ಲಿ? ಬರಿಗೈಲಿ ಬಂದು ಮಾತಾಡೋಕ್ ಬಂದೆ ಅನ್ನಕಾಯ್ತದಾ?"

ಅವಳ ವಾದದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಹೊರಡುವಾಗ, ಸಂಕ್ರಾಂತಿಯಾದ ಮೇಲೆ ಅಮ್ಮ ಊರಿಗೆ ಹೋಗುತ್ತಾಳೆಂದೂ ನಾನು ಸ್ಕೂಲು ಬಿಡಬೇಕೆಂದೂ ಹೇಳಿದೆ. ಹೇಳಬೇಕೆಂದು ಹೋಗಿರಲಿಲ್ಲ, ಬಾಯಿಂದ ಬಂತು. ಮತ್ತೆ ಎತ್ತಿಕೊಂಡಿದ್ದ ಮೊರ ಆಕೆಯ ಕೈಯಲ್ಲೇ ನಿಂತಿತು. "ಅಂಗಾ" ಎಂದಳು. ಅಷ್ಟೇ.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲವನ್ನೂ ಬಿಡಿಸಿಟ್ಟೆ. ಕಾರಣ ತಿಳಿದರೆ ಸಮಸ್ಯೆ ಮುಗಿಯಿತು ಎಂದು ನಂಬಿದ್ದ ವಯಸ್ಸು ಅದು. ಅಮ್ಮ ಕೇಳಿದಳು, ಅವಳ ಕಣ್ಣು ತುಂಬಿತು. "ತುಂಬ್ಸಿ ಕೊಟ್ಟಿದ್ದೂ ತಪ್ಪಾಯ್ತಾ? ಇನ್ನೊಬ್ಬರ ಪಾತ್ರೆ ಮನೇಲಿಟ್ಕಂಡ್ರೆ ನಂಗೆ ನಿದ್ದೆ ಬರಾಕಿಲ್ಲ ಕಣೆ. ನಾನೇನ್ ಮಾಡ್ಲಿ?" ನನಗೆ ಸಿಟ್ಟು ಬಂತು. ಇಷ್ಟು ಸುಲಭದ್ದನ್ನು ಬಿಡಲಾರಳೇ ಎಂದು. ಈಗ ಹಾಗನ್ನಿಸುವುದಿಲ್ಲ. ಮೂವತ್ತು ದಾಟಿದವಳಿಗೆ, ನಿನ್ನ ಸೌಜನ್ಯವೇ ಇವರ ಕಣ್ಣಿಗೆ ಸೊಕ್ಕು ಎಂದು ಹೇಳಿದರೆ ಅವಳು ಯಾವ ಕೈಯಿಂದ ಏನನ್ನು ಬಿಡಬೇಕು?

ಸಂಕ್ರಾಂತಿ ಬಂತು. ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಮನೆಗೂ ಹೋಗಿ ಬಂದೆ. ಮಾರನೆಯ ದಿನದಿಂದ ಅಮ್ಮ ಗಂಟು ಕಟ್ಟಲು ಕೂತಳು. ಅರಕಲಗೂಡಿನ ಮೋಟಾರು ಬಸ್ಸಿಗೆ ಅಪ್ಪ ಹೇಳಿಟ್ಟಾಗಿತ್ತು. ಹೊರಡುವ ಹಿಂದಿನ ಮಧ್ಯಾಹ್ನ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಾಗ ಹೊಳೆನರಸೀಪುರದಕ್ಕ ಬಾಗಿಲಲ್ಲಿ ನಿಂತಳು.

"ಅಕ್ಕಾ, ಒಂದ್ ಉಪ್ಕಾರ ಆಗ್ಬೇಕಿತ್ತಲ್ಲ. ನಾಳೆ ನಮ್ ದೊಡ್ಡೋಳ್ನ ನೋಡಕ್ಕೆ ಬೆಳಗೊಳದ ಕಡೆಯಿಂದ ಬತ್ತಾವ್ರೆ. ನಿಮ್ಮತ್ರ ಒಂದು ದೊಡ್ ತಪ್ಪಲೆ ಅದಂತಲ್ಲ?"

ಇತ್ತು. ಅಮ್ಮನ ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಪ್ಪಲೆ, ಒಂದು ಮದುವೆಯ ಪಂಕ್ತಿಗೆ ಸಾಲುವಷ್ಟು ದೊಡ್ಡದು. ಅದರೊಳಗೇ ಸೀರೆಗಳನ್ನು ಜೋಡಿಸಿ ಗೋಣಿಗೆ ಇಳಿಸಿದ್ದಳು. ಈ ಬೀದಿಯಲ್ಲಿ ಅವಳನ್ನು ಒಬ್ಬರು ಏನಾದರೂ ಕೇಳಿದ್ದು ಅದೇ ಮೊದಲು. ಅಮ್ಮ ಹೊಲಿಗೆ ಬಿಚ್ಚಿ, ಸೀರೆಗಳನ್ನು ಚಾಪೆಯ ಮೇಲೆ ಸುರಿದು ತಪ್ಪಲೆ ಎತ್ತಿ ಕೊಟ್ಟಳು. ಯಾವಾಗ ವಾಪಸ್ಸು ಎಂದು ಕೇಳಲಿಲ್ಲ. ತಾನು ಎಷ್ಟು ಬೇಗ ಹಿಂತಿರುಗಿಸುವವಳೋ ಇತರರೂ ಅಷ್ಟೇ ಬೇಗ ಹಿಂತಿರುಗಿಸುತ್ತಾರೆಂದು ನಂಬಿದ್ದಳು.

ಮರುದಿನ ತಪ್ಪಲೆ ಬರಲಿಲ್ಲ. ಮೋಟಾರಿಗೆ ಹೋಗುವುದು ತಪ್ಪಿತು. ತವರಿನ ತಪ್ಪಲೆ ಬಿಟ್ಟು ಹೋಗುವಂತಿಲ್ಲ. ಕೊಟ್ಟದ್ದನ್ನು ಬಾಯಿಬಿಟ್ಟು ಕೇಳುವುದು ಅರಕಲಗೂಡಿನ ಸೊಸೆಗೆ ಸಾಧ್ಯವಿಲ್ಲ. ಕಡೆಗೆ ತಡೆಯಲಾರದೆ, ಕೇಳದ ಹಾಗೆ ಕೇಳಲು ಹೋದಳು. ಹೊಳೆನರಸೀಪುರದಕ್ಕ ಮಣೆ ಹಾಕಿ ಕೂರಿಸಿದಳು. "ಹುಣಿಸೆಹುಳಿ ಬಿದ್ದು ಕಲಾಯಿ ಎದ್ದೋಗದೆ ಅಕ್ಕ. ಅಂಗೇ ಕೊಟ್ರೆ ನಿಮ್ ತವರಿಗೆ ಅವಮಾನ. ಕಲಾಯಿಯೋನು ಬರ್ಲಿ, ಆಕ್ಸಿ ಕೊಡ್ತೀನಿ" ಎಂದಳು. ಹಾಗೆಂದು ಒಂದು ಲೋಟ ಮಜ್ಜಿಗೆ ಕೊಟ್ಟಳು.

ಕಲಾಯಿಯವನು ಬಂದ, ಹೋದ. ತಪ್ಪಲೆ ಆ ಹೊತ್ತಿಗೆ ಎದುರು ಮನೆಯಲ್ಲಿತ್ತು, ಅವರ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ. ಅಲ್ಲಿಂದ ಮೂಲೆಮನೆಗೆ. ತಪ್ಪಲೆ ಹೋದಲ್ಲೆಲ್ಲ ಅಮ್ಮ ಅದರ ಹಿಂದೆ ಹೋದಳು. ಪ್ರತಿ ಮನೆಯಲ್ಲೂ ಒಂದು ಮಣೆ, ಒಂದು ಗಳಿಗೆ, ಒಂದಿಷ್ಟು ಮಾತು. ಬಾವಿಯ ಹತ್ತಿರ ಮೂಲೆಮನೆಯ ಮುದುಕಿ, "ನಿಮ್ ತಪ್ಪಲೆ ನಮ್ಮನೇಲಿ ಸುಖವಾಗದೆ ಕಣವ್ವ, ಬಸುರಿ ಬಂದು ಕೂತಂಗೆ ಕೂತದೆ" ಎಂದಾಗ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅಮ್ಮನೂ ಇದ್ದಳು. ನಾನು ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ದಿನ ಅವಳ ಸರದಿ ಎಲ್ಲರಿಗಿಂತ ಕಡೆಗೆ ಬಂತು.

ಅದೇ ವಾರ ಎದುರು ಮನೆಯ ಬಟ್ಟಲೊಂದು ನಮ್ಮ ಅಡುಗೆಮನೆಯ ಗೂಡಿನಲ್ಲಿ ರಾತ್ರಿ ಕಳೆಯಿತು. ಬೆಳಿಗ್ಗೆ ನಾನು ಬೆರಳು ಮಾಡಿ ತೋರಿಸಿದೆ. "ನಮ್ ಅಷ್ಟ್ ದೊಡ್ದು ಅವ್ರತ್ರ ಅದೆ. ಅವ್ರ ಇಷ್ಟು ಚಿಕ್ದು ನಮ್ಮತ್ರ ಇದ್ರೆ ಏನಾಯ್ತು?" ಎಂದಳು ಅಮ್ಮ. ಚೆನ್ನಾಗಿ ನಿದ್ದೆ ಮಾಡಿದ ಮುಖ.

ಯುಗಾದಿಗೆ ಮುಂಚೆ ಹೊಸ ಕಲಾಯಿ ಹೊಳೆಯುತ್ತ ತಪ್ಪಲೆ ಮನೆಗೆ ಬಂತು. ಅಮ್ಮ ಅದರ ತುಂಬ ಅವರೆಕಾಳಿನ ಹುಳಿ ಮಾಡಿ ಬೀದಿಗೆಲ್ಲ ಹಂಚಿದಳು. ಅತ್ತೆ ಚನ್ನರಾಯಪಟ್ಟಣದಿಂದ ಬಂದಿದ್ದು ಆ ದಿನ. ಆಕೆ ನೋಡಿದ್ದು ಅಷ್ಟನ್ನೇ. ಕಡೆಯಲ್ಲಿ ಆದದ್ದನ್ನು ಆಕೆ ಮೊದಲಿಗೆ ಇಟ್ಟುಕೊಂಡಳು. ಊರಿಗೆ ಹೋಗುವ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ. ನಾನು ಪರೀಕ್ಷೆಗೆ ಕೂತೆ.

ಇಷ್ಟು ನನಗೆ ಖಚಿತ. ಇದರಾಚೆ ಇರುವುದು ಅನುಮಾನ. ಹೆಣ್ಣು ನೋಡಲು ಬಂದ ದಿನ ನಾನು ನಮ್ಮ ಜಗಲಿ ಬಿಟ್ಟು ಕದಲಿರಲಿಲ್ಲ. ಜಟಕಾದಿಂದ ಇಳಿದವರು ಐದೇ ಜನ. ಉಪ್ಪಿಟ್ಟು, ಕಾಫಿ ಮುಗಿಸಿ ಊಟದ ಹೊತ್ತಿಗೆ ಮುಂಚೆಯೇ ಹೊರಟುಹೋದರು. ಹುಳಿ ಮಾಡಿದ ವಾಸನೆ ನಮ್ಮ ಗೋಡೆ ದಾಟಿ ಬರಲಿಲ್ಲ. ಅಮ್ಮ ಊರಿಗೆ ಹೊರಟಿದ್ದಾಳೆಂದು ಹೊಳೆನರಸೀಪುರದಕ್ಕನಿಗೆ ಮುಂಚೆಯೇ ಹೇಳಿದ್ದವಳು ನಾನು.

ಈ ಸಲ ಬೇಸಿಗೆ ರಜಕ್ಕೆ ಹಾಸನಕ್ಕೆ ಹೋದಾಗ ಹೊಳೆನರಸೀಪುರದಕ್ಕನ ಜಗಲಿಯ ಮೇಲೆ ಹೋಗಿ ಕೂತೆ. ಈಗ ಆಕೆಯ ಕೂದಲು ನರೆತಿದೆ, ನಾಲಿಗೆ ಹಾಗೇ ಇದೆ. "ಲಾಯರಮ್ಮ ಬಂದ್ಳಾ? ಇನ್ನೂ ಯಾರ್ನೂ ಮದ್ವೆ ಆಗ್ದೆ ಬರೀ ವಾದ ಮಾಡ್ಕಂಡಿದ್ದೀಯಾ?" ಎಂದಳು. ನಾನು ಆ ಮಾತನ್ನು ಬದಿಗೆ ಸರಿಸಿದೆ. ಆಕೆ ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಳು. ನಾನು ಕೇಳಿದೆ:

"ಅಕ್ಕಾ, ಅವತ್ತು ನಿಮ್ಮನೇಗೆ ಬಂದಿದ್ದು ಐದೇ ಜನ. ಅವರು ಊಟಕ್ಕೂ ನಿಲ್ಲಲಿಲ್ಲ. ಅಮ್ಮನ ತಪ್ಪಲೇಲಿ ನೀವು ಏನನ್ನಾದರೂ ಬೇಯಿಸಿದ್ರಾ?"