ಇಪ್ಪತ್ತು ನಿಮಿಷದ ಫಾರ್ಮ್, ಇಪ್ಪತ್ತು ವರ್ಷದ ಆಟ

ಕೋವಿಡ್ ಕಳೆದು ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಟ ಕಾಲ. ಕುಂದಾಪುರದ ಬೇಕರಿಯೊಂದರ ಮಹಡಿಯಲ್ಲಿ ನನ್ನದೊಂದು ವೆಬ್‌ಸೈಟ್ ಕಚೇರಿ ಇತ್ತು; ಮಾಲೀಕ, ಇಂಜಿನಿಯರ್, ಕಸ ಗುಡಿಸುವವ ಮೂರೂ ನಾನೇ. ಹೆದರುವುದು ನಾಲ್ಕನೆಯ ಹುದ್ದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬೈಂದೂರಿನಿಂದ ಅರ್ಧ ಕೆಲಸ ಬಿಟ್ಟು ಮನೆಗೆ ಓಡಿ ಬಂದವನು ನಾನು. ಅಂಥವನಿಗೆ ಬ್ರಹ್ಮಾವರದ ಕಡೆಯ ಮೇಳವೊಂದು ಹರಕೆ ಆಟದ ವೆಬ್‌ಸೈಟ್ ಕೆಲಸ ಒಪ್ಪಿಸಿತು.

ಕಷ್ಟಕಾಲದಲ್ಲಿ ದೇವರಿಗೆ ಹೇಳಿಕೊಂಡವರು ಮನೆಯೆದುರು ಮೇಳ ಕರೆಸಿ ರಾತ್ರಿಯಿಡೀ ಆಟ ಆಡಿಸುವುದೇ ಹರಕೆ ಆಟ. ಹೇಳಿಕೊಂಡವರು ಎಷ್ಟಿದ್ದಾರೆಂದರೆ, ಇವತ್ತು ಹೆಸರು ಬರೆಸಿದರೆ ಸರದಿ ಬರುವುದು ಇಪ್ಪತ್ತು ವರ್ಷ ಕಳೆದ ಮೇಲೆ. ಸರದಿ ಬಂದವರು ನಿಗದಿತ ದಿನದೊಳಗೆ ವೆಬ್‌ಸೈಟಿನ ಫಾರ್ಮ್ ತುಂಬಿ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಹೆಸರು ಮತ್ತೆ ಸರದಿಯ ಬಾಲಕ್ಕೆ. ಹೀಗೆಂದು ಮೇಳದವರು ನಿಯಮ ಮಾಡಿದರು. ಫಾರ್ಮ್ ಮಾಡಿದವನು ನಾನು.

ಕೊನೆಯ ದಿನದ ಹಿಂದಿನ ದಿನ ಮೇಳದ ಮ್ಯಾನೇಜರ್ ಐತಾಳರು ಫೋನ್ ಮಾಡಿದರು. "ಹ್ವಾಯ್, ಜನ ಫಾರ್ಮ್ ಬರೂದಂತೆ, ಅದ್ ಅಳಿಸೂದಂತೆ. ತಲ್ಲೂರಿನ ಗಿರಿಜಕ್ಕ ನಂಗೆ ಬೈದ್ ಬೈಗುಳ ನಿಮ್ಗೇ ಸೇರ್ಕಾದ್ದ್. ನೀವೇ ಹೋಯಿ ತಕಣಿ."

ನಾನು ಕಚೇರಿಯಲ್ಲಿ ಕೂತು ತುಂಬಿದರೆ ಫಾರ್ಮ್ ನಾಲ್ಕೇ ನಿಮಿಷದಲ್ಲಿ ಸಲೀಸಾಗಿ ಹೋಗುತ್ತಿತ್ತು. ಜನರೇ ಏನೋ ತಪ್ಪು ಒತ್ತುತ್ತಿದ್ದಾರೆ ಎಂದುಕೊಂಡೇ ಲ್ಯಾಪ್‌ಟಾಪ್ ಹಿಡಿದು ತಲ್ಲೂರಿಗೆ ಹೋದೆ.

ಗಿರಿಜಕ್ಕ ಮೀನಿನ ವ್ಯಾಪಾರ ಮಾಡಿ ಮಕ್ಕಳನ್ನು ದಡ ಹತ್ತಿಸಿದವರು. ಅವರ ಗಂಡ ಶೀನಣ್ಣ ಒಮ್ಮೆ ಮೀನು ಹಿಡಿಯಲು ಕಡಲಿಗೆ ಹೋಗಿ, ಗಾಳಿಗೆ ಸಿಕ್ಕಿ ದಿಕ್ಕು ತಪ್ಪಿ, ಬದುಕಿದ್ದಾರೆಂಬ ಆಸೆ ಎಲ್ಲರಿಗೂ ಬಿಟ್ಟುಹೋದ ಮೇಲೆ ಶಿರೂರಿನ ದಡಕ್ಕೆ ಬಂದು ಬಿದ್ದಿದ್ದರು. ಆಗ ಹೇಳಿಕೊಂಡ ಆಟಕ್ಕೆ ಈಗ ಸರದಿ. ಇನ್ನೊಂದು ಸರದಿ ಕಾಯುವ ಪ್ರಾಯ ಶೀನಣ್ಣನದ್ದಾಗಿರಲಿಲ್ಲ. ಕುರ್ಚಿಯಿಂದ ಏಳಲು ಇಬ್ಬರು ಹಿಡಿಯಬೇಕಿತ್ತು.

"ಬಾ ತಮ್ಮ, ಕೂಕೋ. ಬೆಳಗಿಂದ ಬರದ್ದೆಲ್ಲ ನುಂಗಿ ಹಾಕ್ತ್. ನಿನ್ ಕಂಪ್ಯೂಟರಿಗೆ ಮನೇಲಿ ಉಂಬುಕೆ ಹಾಕೂದಿಲ್ಯಾ?"

"ಒಂದ್ಸಲ ನನ್ನ ಎದ್ರಿಗೆ ಬರೀನಿ ಅಕ್ಕ, ಕಾಂಬ," ಎಂದೆ.

ಹೆಸರು, ವಿಳಾಸ, ರಂಗಸ್ಥಳ ಹಾಕುವ ಗದ್ದೆ ಎಲ್ಲ ಚಕಚಕನೆ ಬರೆದರು. ಆಡಿಸುವ ಕಥೆಯನ್ನು ಕೇಳುವ 'ಯಾವ ಪ್ರಸಂಗ' ಎಂಬಲ್ಲಿ ಬೆರಳು ನಿಂತಿತು. ಪ್ರಸಂಗವನ್ನು ಒಬ್ಬರೇ ಹೇಳಿಬಿಡಲಿಕ್ಕಾಗುತ್ತದೆಯೇ? ಮುಂಬೈಯಲ್ಲಿ ಹೋಟೆಲಿರುವ ತಮ್ಮನಿಗೆ ಫೋನು ಹೋಯಿತು. ಅವನಿಗೆ ಮಧ್ಯಾಹ್ನದ ಗಿರಾಕಿ, ಆಮೇಲೆ ಮಾಡುತ್ತೇನೆಂದ. ವಂಡ್ಸೆಯ ತಂಗಿ ಗಂಡನನ್ನು ಕೇಳಿ ಹೇಳುತ್ತೇನೆಂದಳು. ಗಿರಿಜಕ್ಕ ಮೊಬೈಲನ್ನು ಕಿಟಕಿಯಲ್ಲಿಟ್ಟು ನನಗೆ ಬಾಳೆಲೆ ಹಾಕಿದರು.

"ಅಕ್ಕ, ಫಾರ್ಮನ್ನ ಹಾಂಗೇ ಬಿಟ್ರೆ..."

"ಎಂತ, ಅದ್ ಓಡಿ ಹೋತ್ತಾ? ನಾವ್ ಇಪ್ಪತ್ತ್ ವರ್ಷ ಕಾದಿತ್. ಉಂಡ್ಕಂಡ್ ಬಪ್ಪಲ್ಲಿವರಿಗೆ ಅದ್ ಕಾಯೂದಿಲ್ಯಾ?"

ಬಂಗುಡೆ ಸಾರಿನ ತುತ್ತನ್ನು ಎಲೆಗೇ ಇಳಿಸಿದೆ. ಅದು ಕಾಯುವುದಿಲ್ಲ!

ವೆಬ್‌ಸೈಟನ್ನು ಯಾರೂ ಬುಡದಿಂದ ಕಟ್ಟುವುದಿಲ್ಲ. ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನ ಮೇಲೆ ಕಟ್ಟುತ್ತೇವೆ. ಕಳ್ಳರು ನಿಮ್ಮ ಹೆಸರಿನಲ್ಲಿ ಫಾರ್ಮ್ ಕಳಿಸಬಾರದೆಂದು ಅದು ಪ್ರತಿ ಫಾರ್ಮಿಗೂ ಟೋಕನ್ ಎಂಬ ಗುಟ್ಟಿನ ಮುದ್ರೆ ಒತ್ತುತ್ತದೆ. ನಮ್ಮದರಲ್ಲಿ ಆ ಮುದ್ರೆಯ ಆಯುಸ್ಸು ಇಪ್ಪತ್ತು ನಿಮಿಷ. ಫೋನ್ ನಂಬರು ತಪ್ಪಿದರೆ ಬರೆದದ್ದನ್ನೆಲ್ಲ ಹಾಗೇ ಇಟ್ಟು, ತಿದ್ದಿ ಎನ್ನುವಷ್ಟು ಮರ್ಯಾದೆ ಅದಕ್ಕಿದೆ. ಆದರೆ ಮುದ್ರೆ ಹಳತಾಗಿದ್ದರೆ ಬಾಗಿಲಲ್ಲೇ ತಡೆಯುತ್ತದೆ, ಫಾರ್ಮನ್ನು ಓದುವುದೇ ಇಲ್ಲ. ಓದದ್ದನ್ನು ಹಿಂದೆ ಕೊಡುವುದೆಲ್ಲಿಂದ? 'ಪುಟದ ಅವಧಿ ಮುಗಿದಿದೆ' ಎಂಬ ಒಂದು ಸಾಲು, ಕೆಳಗೆ ಖಾಲಿ ಫಾರ್ಮ್. ಊಟ ಮುಗಿಸಿ ಬಂದಾಗ ಗಿರಿಜಕ್ಕನ ಮೊಬೈಲಿನಲ್ಲಿ ಇದ್ದದ್ದೂ ಅದೇ.

ಈ ಫಾರ್ಮನ್ನು ತುಂಬುವುದು ಒಬ್ಬ ವ್ಯಕ್ತಿ ಎಂದು ಚೌಕಟ್ಟು ಮಾಡಿದವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಇಲ್ಲಿ ತುಂಬುತ್ತಿದ್ದದ್ದು ಒಂದೊಂದು ಕುಟುಂಬ.

ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಡಿಸಿದೆ. ಬರೆದ ಪ್ರತಿ ಅಕ್ಷರವೂ ಅವರವರ ಮೊಬೈಲಿನಲ್ಲೇ ಡ್ರಾಫ್ಟ್ ಆಗಿ ಉಳಿಯಬೇಕು, ಕಳಿಸುವ ಕ್ಷಣಕ್ಕೆ ಹೊಸ ಮುದ್ರೆ ತಾನಾಗಿ ಬರಬೇಕು. ಕೋಡ್ ದೊಡ್ಡದಲ್ಲ. ಆದರೆ ನಾಳೆ ಕೊನೆಯ ದಿನ, ಊರೂರಲ್ಲಿ ಜನ ಬಳಸುತ್ತಿರುವಾಗಲೇ ಬದಲಿಸಬೇಕು. ಇದ್ದದ್ದೂ ಹೋದರೆ? ಹಾಗೆಂದು ಗೊಣಗುತ್ತ ಹಳೆಯ ಕೋಡನ್ನು ಮೂರು ಸಲ ನಕಲು ಮಾಡಿಟ್ಟೆ.

ಶೀನಣ್ಣ ಕುರ್ಚಿಯಿಂದಲೇ ನಕ್ಕರು. "ಎಂತಕ್ ಹೆದರ್ತೆ ಮಾರಾಯ? ನೀ ಎಂತ ಕಡ್ಲಿಗೆ ಹೊರ್ಟದ್ದಾ?"

ಬದಲಿಸಿದೆ. ಗಿರಿಜಕ್ಕ ಮತ್ತೆ ಬರೆದು, ಮತ್ತೆ ಪ್ರಸಂಗದಲ್ಲಿ ನಿಂತು, ಮೊಬೈಲ್ ಕಿಟಕಿಗಿಟ್ಟು ಬಟ್ಟೆ ಒಳಗೆ ತರಲು ಹೋದರು. ವಂಡ್ಸೆಯ ತಂಗಿ ಒಂದು ಪ್ರಸಂಗ ಹೇಳಿದಳು, ಮುಂಬೈಯ ತಮ್ಮ ಇನ್ನೊಂದು. ಶೀನಣ್ಣನ ಮಾತೇ ಕೊನೆಗೆ ಗೆದ್ದಿತು: "ಮುಳುಗಿದ್ದ್ ನಾನ್. ದೇವಿಯ ಪ್ರಸಂಗವೇ ಆಯ್ಕ್." ಹೊತ್ತು ಕಂತುವ ಹೊತ್ತಿಗೆ ಗಿರಿಜಕ್ಕ ಗುಂಡಿ ಒತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಆಯ್ತಂಬ್ರ್," ಎಂದರು. ಶೀನಣ್ಣ ಮೊಬೈಲನ್ನು ಇಸಿದುಕೊಂಡು ಹಸಿರು ಗುರುತನ್ನು ತುಂಬ ಹೊತ್ತು ನೋಡುತ್ತ ಕೂತರು.

ಹೊರಡಲು ಎದ್ದೆ. "ಕೂಕೋ, ಇನ್ನೊಂದ್ ಬರೂಕಿತ್ತ್," ಎಂದರು ಗಿರಿಜಕ್ಕ. ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಉಳಿದು ಬಂದ ಮೊಮ್ಮಗಳ ಹೆಸರಿನಲ್ಲಿ ಹೊಸ ಹರಕೆ. ಹೆಸರು ಬರೆಸುವ ಈ ಫಾರ್ಮಿನಲ್ಲಿ ಇನ್ನೊಂದು ತೊಡಕು: ಇಪ್ಪತ್ತು ವರ್ಷ ಮುಂದಿನ ಸರದಿಯ ವರ್ಷವನ್ನು ನನ್ನ ತಾರೀಕಿನ ಪಟ್ಟಿ ಒಪ್ಪಲಿಲ್ಲ. ಹತ್ತು ವರ್ಷದಾಚೆಗೆ ಲೋಕವಿಲ್ಲವೆಂಬಂತೆ ಕೆಂಪು ಅಕ್ಷರದಲ್ಲಿ ತಕರಾರು ಮಾಡಿತು.

"ಅಷ್ಟೊತ್ತಿಗೆ ನಾ ಎಲ್ ಕೂಕಂಡ್ ಕಾಂಬುದು?" ಎಂದರು ಶೀನಣ್ಣ.

"ನಿಮ್ಗೆ ಮೇಲಿಂದ ಲಾಯ್ಕ್ ಕಾಣತ್ತ್. ಚಳಿಯೂ ಇಲ್ಲೆ." ಇಬ್ಬರೂ ನಕ್ಕರು. ಆಮೇಲೆ ಗಿರಿಜಕ್ಕ ನನ್ನ ಕಡೆ ತಿರುಗಿ ಕೇಳಿದರು, "ನಾವ್ ಇಲ್ದಿರೂ ಮನಿ ಇರತ್ತ್ ತಮ್ಮ. ನಿನ್ ಫಾರ್ಮ್ ಇರತ್ತಾ?"

ನಾಳೆಯ ಬೆಳಗನ್ನೇ ನಂಬದ ನಾನು, ತಾವು ಕಾಣದ ರಾತ್ರಿಯೊಂದಕ್ಕೆ ಗದ್ದೆಯ ಗುರುತು ಬರೆಸುತ್ತಿದ್ದ ಆ ಇಬ್ಬರ ನಡುವೆ ಕೂತು ಲ್ಯಾಪ್‌ಟಾಪ್ ಮತ್ತೆ ಬಿಡಿಸಿದೆ. ತಾರೀಕಿನ ಮಿತಿಯನ್ನು ಕಿತ್ತುಹಾಕಿದೆ. ಮರುದಿನ ಸಂಜೆಯೊಳಗೆ ಐತಾಳರ ಪಟ್ಟಿಯಲ್ಲಿದ್ದ ಸರದಿಯವರೆಲ್ಲ ದಾಖಲಾದರು.

ಆಟದ ರಾತ್ರಿ ಶೀನಣ್ಣ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದರು. ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ನಾನು ಹಿಂದೆ ನಿಂತು ಜನರೇಟರ್ ಕೈಕೊಟ್ಟೀತೆಂದು ಹೆದರುತ್ತಿದ್ದೆ.

ಕಸುಬು ಅಂದು ಕಲಿಸಿದ್ದನ್ನು ಇಂದಿಗೂ ಬಿಟ್ಟಿಲ್ಲ. ನಾನು ಮಾಡುವ ಯಾವ ಫಾರ್ಮಿನಲ್ಲೂ, ಜನ ಊಟಕ್ಕೆ ಎದ್ದುಹೋಗಿ, ನಾಲ್ಕು ಜನರನ್ನು ಕೇಳಿ, ಕೈ ತೊಳೆದು ಬರುವಷ್ಟು ಪುರುಸೊತ್ತು ಇಟ್ಟಿರುತ್ತೇನೆ.